ಪನಾಮಾ ಕಾಲುವೆಯೂ ತಪ್ಪಿದ ಎಣಿಕೆಯೂ

ಪ್ರತಿಯೊಂದು ಮಹಾಕಾರ್ಯವೂ ಮೊದಲು ಮನಸ್ಸಿನಲ್ಲಿ ಹುಟ್ಟುತ್ತದೆ. ಅಲ್ಲಿಂದ ಕಾಗದಕ್ಕೆ ಬರುತ್ತದೆ. ಕಟ್ಟಕಡೆಗೆ ನೆಲಕ್ಕೆ ಇಳಿಯುತ್ತದೆ. ಮನಸ್ಸಿನೊಳಗಿನ ಬೆಟ್ಟವು ನಾವು ಬಯಸಿದಷ್ಟೇ ಎತ್ತರವಾಗಿರುತ್ತದೆ. ಕಾಗದದ ಮೇಲಿನ ಹೊಳೆಯು ಬರೆದ ಗೆರೆಯನ್ನು ಮೀರಿ ಹರಿಯುವುದಿಲ್ಲ. ನೆಲದ ಮೇಲಿರುವ ಬೆಟ್ಟವೂ ಹೊಳೆಯೂ ಯಾರ ಅಪ್ಪಣೆಗೂ ಕಾಯುವುವಲ್ಲ. ಆದುದರಿಂದಲೇ ಕಾರ್ಯಕ್ಕೆ ಕೈಹಾಕುವವನು ಮುಂಚಿತವಾಗಿ ಎಣಿಕೆ ಹಾಕುತ್ತಾನೆ. ಎಷ್ಟು ಹಣ ಬೇಕು, ಎಷ್ಟು ಆಳು ಬೇಕು, ಎಷ್ಟು ಕಾಲ ಹಿಡಿದೀತು, ಏನು ಅಡ್ಡ ಬಂದೀತು ಎಂಬುದನ್ನು ಬರೆದಿಡುತ್ತಾನೆ. ಈ ಎಣಿಕೆಯಲ್ಲಿ ತಪ್ಪುವುದು ಮನುಷ್ಯಮಾತ್ರರಿಗೆ ಸಹಜವಾದುದು. ಆದರೆ ತಪ್ಪುಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವು ತಪ್ಪುಗಳು ಕೆಲಸ ನಡೆಯುತ್ತಿರುವಾಗಲೇ ತಿದ್ದಲ್ಪಟ್ಟು ಮರೆತುಹೋಗುವುವು. ಮತ್ತೆ ಕೆಲವು ಸಾವಿರಾರು ಪ್ರಾಣಗಳನ್ನೂ ಲಕ್ಷಾಂತರ ಮನೆಗಳ ಕೂಡಿಟ್ಟ ಹಣವನ್ನೂ ನುಂಗಿಯೇ ತೀರುವುವು. ಈ ಎರಡಕ್ಕೂ ಇರುವ ಭೇದವೇನೆಂಬುದನ್ನು ಪನಾಮಾ ಕಾಲುವೆಯ ಚರಿತ್ರೆಯು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಉತ್ತರ ಅಮೆರಿಕಾ ದಕ್ಷಿಣ ಅಮೆರಿಕಾ ಖಂಡಗಳನ್ನು ಕೂಡಿಸುವ ನೆಲವು ಪನಾಮಾದ ಬಳಿಯಲ್ಲಿ ಬಹಳ ಇಕ್ಕಟ್ಟಾಗಿದೆ. ಅದರ ಒಂದು ಪಕ್ಕಕ್ಕೆ ಅಟ್ಲಾಂಟಿಕ್ ಸಾಗರಕ್ಕೆ ಸೇರಿದ ಕೆರಿಬಿಯನ್ ಸಮುದ್ರ, ಇನ್ನೊಂದು ಪಕ್ಕಕ್ಕೆ ಪೆಸಿಫಿಕ್ ಸಾಗರ. ನಡುವಣ ದಾರಿ ಸುಮಾರು ೫೦ ಮೈಲಿ. ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋ ಪಟ್ಟಣಕ್ಕೆ ಹೊರಟ ಹಡಗು ದಕ್ಷಿಣ ಅಮೆರಿಕೆಯ ತುದಿಯನ್ನು ಬಳಸಿಕೊಂಡು ಸುಮಾರು ೧೩,೦೦೦ ಮೈಲಿ ಸಾಗಬೇಕಾಗಿದ್ದಿತು. ಈ ಇಕ್ಕಟ್ಟಾದ ನೆಲವನ್ನು ಸೀಳಿ ನೀರಿನ ದಾರಿ ಮಾಡಿದ್ದೇ ಆದರೆ ಅದರಲ್ಲಿ ಸುಮಾರು ೮,೦೦೦ ಮೈಲಿ ಉಳಿಯುತ್ತಿದ್ದಿತು. ಈ ಲಾಭವು ಶತಮಾನಗಳಿಂದಲೂ ನಾವಿಕರ ಕಣ್ಣಿಗೆ ಕಂಡಿದ್ದೇ. ೧೮೫೫ರಲ್ಲಿ ಆ ನೆಲದ ಮೇಲೆ ರೈಲುದಾರಿಯೊಂದು ಪೂರ್ತಿಯಾಯಿತು. ಆ ದಾರಿಯನ್ನು ಹಾಕುವಾಗಲೇ ಸಾವಿರಾರು ಕೂಲಿಗಳು ಜ್ವರದಿಂದ ಸತ್ತುದು ಲೋಕಕ್ಕೆಲ್ಲ ತಿಳಿದಿದ್ದಿತು. ಆ ಕಾಲದಲ್ಲಿ ಪನಾಮಾ ಪ್ರಾಂತವು ಕೊಲಂಬಿಯಾ ರಾಜ್ಯಕ್ಕೆ ಸೇರಿದ್ದಿತು.

ಇಲ್ಲಿ ಕಾಲುವೆ ತೋಡುವೆನೆಂದು ಮುಂದೆ ಬಂದವನು ಫ್ರಾನ್ಸ್ ದೇಶದ ಫರ್ಡಿನೆಂಡ್ ದ ಲೆಸೆಪ್ಸ್. ೧೮೦೫ರಲ್ಲಿ ಹುಟ್ಟಿದ ಈತನು ರಾಜಕೀಯ ಪ್ರತಿನಿಧಿಯಾಗಿ ದೇಶದೇಶಗಳಲ್ಲಿದ್ದವನು. ಎಂಜಿನಿಯರನಲ್ಲ, ಲೇವಾದೇವಿಗಾರನೂ ಅಲ್ಲ. ಆದರೂ ಭೂಮಧ್ಯ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಕೂಡಿಸಿದ ಸೂಯೆಜ್ ಕಾಲುವೆಯು ಈತನ ಹಟದಿಂದಲೇ ಆದುದು. ೧೮೫೯ರಲ್ಲಿ ಮೊದಲಾದ ಆ ಕೆಲಸವು ೧೮೬೯ರ ನವೆಂಬರ್ ೧೭ರಂದು ಮುಗಿದು ಕಾಲುವೆ ತೆರೆಯಲ್ಪಟ್ಟಿತು. ಯುರೋಪಿನಿಂದ ಮುಂಬಯಿಗೆ ಬರುವ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತುವ ಕಷ್ಟವು ಅಂದಿಗೆ ತಪ್ಪಿತು. ಆ ಕೆಲಸವು ಆಗದೆಂದು ಇಂಗ್ಲೆಂಡಿನ ಪ್ರಸಿದ್ಧ ಎಂಜಿನಿಯರರು ಮೊದಲೇ ಹೇಳಿದ್ದರು. ಹಣವು ಅಂದಾಜನ್ನು ಮೀರಿ ವೆಚ್ಚವಾಗಿದ್ದರೂ ಕೊನೆಗೆ ಪಾಲುದಾರರಿಗೆ ಒಳ್ಳೆಯ ಲಾಭವೇ ಬಂದಿತು. ಹೀಗಾಗಿ ಲೆಸೆಪ್ಸನ ಮನಸ್ಸಿನಲ್ಲಿ ಎರಡು ನಂಬಿಕೆಗಳು ಬೇರೂರಿದುವು. ಬಲ್ಲವರು 'ಆಗದು' ಎಂದ ಮಾತಿಗೆ ಬೆಲೆಯಿಲ್ಲವೆಂಬುದು ಒಂದು. ಹಣ ಸಾಲದೆ ಹೋದರೂ ಧೈರ್ಯದಿಂದ ಮುಂದುವರಿದರೆ ಹೇಗೋ ಒದಗಿಬರುವುದೆಂಬುದು ಇನ್ನೊಂದು. ಸೂಯೆಜಿನಲ್ಲಿ ಈ ಎರಡೂ ನಿಜವಾಗಿದ್ದುವು. ಅಲ್ಲಿ ನಿಜವಾದುದು ಎಲ್ಲೆಲ್ಲಿಯೂ ನಿಜವಾದೀತೆಂದು ಎಣಿಸಿದುದೇ ಮುಂದಿನ ಅನರ್ಥಕ್ಕೆಲ್ಲ ಮೂಲವಾಯಿತು.

ಏಕೆಂದರೆ ಸೂಯೆಜಿನ ನೆಲವೇ ಬೇರೆ, ಪನಾಮಾದ ನೆಲವೇ ಬೇರೆ. ಸೂಯೆಜ್ ಸಮತಟ್ಟಾದ ಮರುಭೂಮಿ. ಮಳೆಯೆಂಬುದು ಅಲ್ಲಿ ಅಪರೂಪ. ಅಗೆದ ಕಡೆ ಬಹುಮಟ್ಟಿಗೆ ಮರಳು. ಕಾಲುವೆಗೆ ಅಡ್ಡವಾಗಿ ಹರಿಯುವ ಹೊಳೆ ಒಂದೂ ಇಲ್ಲ. ಪನಾಮಾದಲ್ಲಿಯಾದರೋ ಕೆರಿಬಿಯನ್ ತೀರದಲ್ಲಿ ವರ್ಷಕ್ಕೆ ೧೨೦ ಅಂಗುಲಗಳನ್ನು ಮೀರಿ ಮಳೆ ಸುರಿಯುತ್ತದೆ. ನಡುವೆ ಕುಲೆಬ್ರಾ ಎಂಬ ಬೆಟ್ಟದ ಸಾಲು ಇದೆ. ದಾರಿ ಹೋಗಬೇಕಾದ ಕಣಿವೆಯೇ ಸಮುದ್ರಮಟ್ಟಕ್ಕಿಂತ ೩೦೦ ಅಡಿಗೂ ಮಿಕ್ಕು ಎತ್ತರವಾಗಿದ್ದಿತು. ಛಾಗ್ರೆಸ್ ಎಂಬ ಹೊಳೆಯು ಕಾಲುವೆಯ ದಾರಿಯನ್ನು ಮತ್ತೆ ಮತ್ತೆ ಅಡ್ಡಹಾಯ್ದು ಹರಿಯುತ್ತದೆ. ಮಳೆಗಾಲದಲ್ಲಿ ಒಂದೇ ದಿನದೊಳಗೆ ಇಪ್ಪತ್ತು ಅಡಿಗೂ ಹೆಚ್ಚು ಏರಬಲ್ಲ ಹೊಳೆಯದು. ಸಾಲದುದಕ್ಕೆ ಎರಡು ಸಮುದ್ರಗಳ ಉಬ್ಬರವಿಳಿತಗಳೂ ಸಮನಾಗಿಲ್ಲ. ಕೆರಿಬಿಯನ್ ತೀರದಲ್ಲಿ ನೀರು ಒಂದೆರಡು ಅಡಿ ಏರಿಳಿದರೆ ಪೆಸಿಫಿಕ್ ತೀರದಲ್ಲಿ ಸುಮಾರು ಇಪ್ಪತ್ತು ಅಡಿ ಏರಿಳಿಯುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ಪ್ಯಾರಿಸಿನಲ್ಲಿ ಕುಳಿತು ಕುಲೆಬ್ರಾ ಬೆಟ್ಟವನ್ನು ಎಣಿಸಿದವರ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

೧೮೭೯ರ ಮೇ ತಿಂಗಳಲ್ಲಿ ಲೆಸೆಪ್ಸನು ಪ್ಯಾರಿಸಿನಲ್ಲಿ ನಾನಾ ದೇಶಗಳ ಪ್ರತಿನಿಧಿಗಳ ಮಹಾಸಭೆಯೊಂದನ್ನು ಸೇರಿಸಿದನು. ೧೩೬ ಪ್ರತಿನಿಧಿಗಳು ಬಂದಿದ್ದರು. ಅವರಲ್ಲಿ ಹೆಚ್ಚಿನವರು ಎಂಜಿನಿಯರರಲ್ಲ. ಸೂಯೆಜಿನಂತೆಯೇ ಸಮುದ್ರದಿಂದ ಸಮುದ್ರಕ್ಕೆ ಒಂದೇ ಮಟ್ಟದ ಕಾಲುವೆಯನ್ನು ಬೆಟ್ಟ ಸೀಳಿ ತೋಡಬೇಕೆಂಬುದು ಲೆಸೆಪ್ಸನ ಇಷ್ಟ. ಆ ಸಭೆಯಲ್ಲಿ ಗೊದ್ಯಾಂ ದ ಲೆಪಿನೇ ಎಂಬ ಫ್ರೆಂಚ್ ಎಂಜಿನಿಯರನು ಎದ್ದುನಿಂತು ಬೇರೊಂದು ದಾರಿಯನ್ನು ತೋರಿಸಿದನು. ಈತನು ಮೆಕ್ಸಿಕೋ ದೇಶದ ಉಷ್ಣಪ್ರದೇಶದಲ್ಲಿ ರೈಲುದಾರಿಯ ಕೆಲಸ ಮಾಡಿ ಮಳೆಯನ್ನೂ ಜ್ವರವನ್ನೂ ಕಣ್ಣಾರೆ ಕಂಡವನು. ಬೆಟ್ಟವನ್ನು ಸಮುದ್ರಮಟ್ಟಕ್ಕೆ ಇಳಿಸುವುದರ ಬದಲು ಹಡಗನ್ನೇ ಬೆಟ್ಟದ ಮಟ್ಟಕ್ಕೆ ಏರಿಸಬಾರದೇಕೆ ಎಂಬುದು ಅವನ ವಾದದ ತಿರುಳು. ಛಾಗ್ರೆಸ್ ಹೊಳೆಗೆ ಗಾಟೂನ್ ಎಂಬಲ್ಲಿ ಕಟ್ಟೆ ಕಟ್ಟಿ, ಸಮುದ್ರಕ್ಕಿಂತ ಸುಮಾರು ೮೦ ಅಡಿ ಎತ್ತರದಲ್ಲಿ ದೊಡ್ಡ ಕೆರೆಯೊಂದನ್ನು ನಿಲ್ಲಿಸಬೇಕು. ಎರಡು ಕಡೆಗಳಲ್ಲಿಯೂ ಬಾಗಿಲುಗಳುಳ್ಳ ತೊಟ್ಟಿಗಳನ್ನು ಕಟ್ಟಿ, ನೀರು ತುಂಬಿ ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಬೇಕು. ಹಾಗೆ ಮಾಡಿದರೆ ಅಗೆಯುವ ಮಣ್ಣು ಎಷ್ಟೋ ಕಡಿಮೆಯಾಗುವುದು. ಶತ್ರುವಾಗಿದ್ದ ಹೊಳೆಯೇ ಸೇವಕನಾಗುವುದು. ಸಭೆಯು ಇದನ್ನು ಕೇಳಿತು, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇ ೨೯ರಂದು ಮತ ತೆಗೆದುಕೊಂಡಾಗ ಲೆಸೆಪ್ಸನ ಕಡೆಗೆ ೭೪, ಎದುರಾಗಿ ೮ ಮತಗಳು ಬಂದುವು. ಉಳಿದವರು ಮತ ಕೊಡಲಿಲ್ಲ ಇಲ್ಲವೆ ಸಭೆಯಲ್ಲಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ. ಎದುರು ಮತ ಕೊಟ್ಟ ಎಂಟು ಜನರಲ್ಲಿ ಲೆಪಿನೇ ಒಬ್ಬನು.

ಆ ಸಭೆಯು ಕಾಲುವೆಗೆ ೧೦೭ ಕೋಟಿ ಫ್ರಾಂಕುಗಳೂ ೧೨ ವರ್ಷಗಳೂ ಬೇಕೆಂದು ಅಂದಾಜು ಮಾಡಿದ್ದಿತು. ಬಳಿಕ ಲೆಸೆಪ್ಸನು ತಾನೇ ಸ್ಥಳವನ್ನು ನೋಡಿಬರಬೇಕೆಂದು ೧೮೭೯ರ ಡಿಸೆಂಬರ್ ೩೦ರಂದು ಪನಾಮಾಕ್ಕೆ ಬಂದಿಳಿದನು. ಆಗ ಅವನಿಗೆ ೭೪ ವರ್ಷ. ಅದು ಮಳೆ ನಿಂತು ಬಿಸಿಲು ಹತ್ತಿದ ಕಾಲ. ಹೊಳೆಯು ತನ್ನ ಪಾತ್ರದಲ್ಲಿ ತೆಳ್ಳಗೆ ಹರಿಯುತ್ತಿದ್ದಿತು, ಗಾಳಿ ಹಿತವಾಗಿದ್ದಿತು. ಸ್ವಲ್ಪ ದಿನಗಳ ಹಿಂದೆಯೇ ಅದೇ ಹೊಳೆಯು ನೆರೆ ಬಂದು ರೈಲುದಾರಿಯನ್ನು ಮುಳುಗಿಸಿ ಸೇತುವೆಯೊಂದನ್ನು ಕೆಡಿಸಿದ್ದಿತು; ಆ ಸೇತುವೆಯ ಬಳಿಯಲ್ಲಿ ಅತಿಥಿಗಳು ಇಳಿದು ಆಚೆಯ ಗಾಡಿಯನ್ನು ಹತ್ತಬೇಕಾಯಿತು. ಹೊಸ ವರ್ಷದ ಮೊದಲನೆಯ ದಿನ ಪೆಸಿಫಿಕ್ ತೀರದಲ್ಲಿ ಗುದ್ದಲಿಪೂಜೆಯಂತಹ ಸಮಾರಂಭವನ್ನಿಟ್ಟುಕೊಂಡರು. ಹೊರಡುವುದು ತಡವಾಗಿ, ಅಷ್ಟರಲ್ಲಿ ಸಮುದ್ರವು ಇಳಿದುಹೋದುದರಿಂದ ದೋಣಿಯು ದಡಕ್ಕೆ ಹೋಗಲಾರದಾಯಿತು. ಕೊನೆಗೆ ಮಣ್ಣಿಗೆ ಬದಲಾಗಿ ದೋಣಿಯಲ್ಲಿದ್ದ ಮದ್ಯದ ಪೆಟ್ಟಿಗೆಯೊಂದಕ್ಕೆ ಲೆಸೆಪ್ಸನ ಚಿಕ್ಕ ಮಗಳು ಗುದ್ದಲಿ ಮುಟ್ಟಿಸಿದಳು. ಸೇತುವೆಯ ಬಳಿಯಲ್ಲಿ ಹೊಳೆಯೂ, ದಡದ ಬಳಿಯಲ್ಲಿ ಸಮುದ್ರವೂ ಹೀಗೆ ಮುಂಚಿತವಾಗಿಯೇ ತಮ್ಮ ಮಾತನ್ನು ಹೇಳಿದ್ದುವು. ನೆರೆದವರು ನಕ್ಕು ಚಪ್ಪಾಳೆ ತಟ್ಟಿದರು.

ಅಲ್ಲಿ ಕೂಡಿದ್ದ ಎಂಜಿನಿಯರರ ಸಮಿತಿಯು ೧೮೮೦ರ ಫೆಬ್ರವರಿಯಲ್ಲಿ ಹೊಸ ಅಂದಾಜನ್ನು ಒಪ್ಪಿಸಿತು. ಅಗೆಯಬೇಕಾದ ಮಣ್ಣು ಏಳೂವರೆ ಕೋಟಿ ಘನಮೀಟರು. ವೆಚ್ಚ ೮೪ ಕೋಟಿ ೩೦ ಲಕ್ಷ ಫ್ರಾಂಕು. ಕಾಲ ೮ ವರ್ಷ. ಪೂರ್ತಿಯಾದ ಮೋಜಣಿಯೂ ಇಲ್ಲದೆ ಮಾಡಿದ ಈ ಲೆಕ್ಕವೇ ಕಡಿಮೆಯದು. ಆದರೂ ಲೆಸೆಪ್ಸನಿಗೆ ಅದು ಹೆಚ್ಚೆನಿಸಿತು. ಅಲ್ಲಿಂದ ಹಡಗು ಹತ್ತಿ ಹೊರಟ ಕೆಲವೇ ದಿನಗಳಲ್ಲಿ ಅವನು ಅದನ್ನು ೬೫ ಕೋಟಿ ೮೦ ಲಕ್ಷಕ್ಕೆ ಇಳಿಸಿಬಿಟ್ಟನು. ಈ ನಡುವೆ ಬೆಟ್ಟವೇನೂ ತಗ್ಗಿರಲಿಲ್ಲ, ಹೊಳೆಯೇನೂ ಬತ್ತಿರಲಿಲ್ಲ. ಮನಸ್ಸು ಬಯಸಿದ ಮೊತ್ತಕ್ಕೆ ಲೆಕ್ಕವನ್ನು ಬಗ್ಗಿಸಿದುದಾಯಿತು, ಅಷ್ಟೆ. ಗುಣಿಸುವಾಗ ಭಾಗಿಸುವಾಗ ಆಗುವ ತಪ್ಪನ್ನು ಇನ್ನೊಬ್ಬ ಲೆಕ್ಕಿಗನು ಹಿಡಿಯಬಲ್ಲನು. ಉತ್ತರವನ್ನು ಮೊದಲೇ ಗೊತ್ತುಮಾಡಿಕೊಂಡು ಲೆಕ್ಕ ಬರೆಯುವವನ ತಪ್ಪನ್ನು ಯಾವ ಲೆಕ್ಕಿಗನೂ ತಿದ್ದಲಾರನು.

ಲೆಸೆಪ್ಸನು ಮೋಸಗಾರನಾಗಿರಲಿಲ್ಲವೆಂಬುದನ್ನು ಇಲ್ಲಿ ಮುಖ್ಯವಾಗಿ ನೆನೆಯಬೇಕು. ಅವನು ತನ್ನ ಮಾತನ್ನು ತಾನೇ ಮನಃಪೂರ್ವಕವಾಗಿ ನಂಬಿದ್ದನು. ಆದುದರಿಂದಲೇ ಜನರೂ ಅವನನ್ನು ನಂಬಿದರು. ೧೮೭೯ರ ಆಗಸ್ಟಿನಲ್ಲಿ ಅವನು ೪೦ ಕೋಟಿ ಫ್ರಾಂಕುಗಳ ಬಂಡವಾಳ ಕೇಳಿದಾಗ ಬಂದುದು ೩ ಕೋಟಿಯಷ್ಟು ಮಾತ್ರ. ೧೮೮೦ರ ಡಿಸೆಂಬರಿನಲ್ಲಿ ಸಂಗತಿಯೇ ಬೇರೆಯಾಯಿತು. ನಡುವೆ ಸಾಹುಕಾರರಿಗೂ ಪತ್ರಿಕೆಗಳಿಗೂ ಹಣ ಸಂದು, ಎಲ್ಲೆಲ್ಲಿಯೂ ಹೊಗಳಿಕೆಯ ಲೇಖನಗಳು ಬರತೊಡಗಿದ್ದುವು. ೫೦೦ ಫ್ರಾಂಕುಗಳ ೬ ಲಕ್ಷ ಪಾಲುಗಳು ಮಾರಾಟಕ್ಕೆ ಬಂದುವು. ಒಂದು ಲಕ್ಷಕ್ಕೂ ಮಿಕ್ಕ ಜನರು ಕೊಂಡರು. ಅವರಲ್ಲಿ ಸುಮಾರು ೮೦,೦೦೦ ಜನರು ಒಂದರಿಂದ ಐದರವರೆಗೆ ಪಾಲು ಕೊಂಡವರು. ಎಂದರೆ ಇವರು ಧನಿಕರಲ್ಲ. ಹನಿಗೂಡಿಸಿ ಹಳ್ಳ ಮಾಡಿದ್ದ ಸಣ್ಣ ಸಂಸಾರಿಗಳು. ಸಾವಿರಾರು ಹೆಂಗಸರೂ ಈ ಪಾಲುದಾರರಲ್ಲಿದ್ದರು. ಕುಲೆಬ್ರಾ ಬೆಟ್ಟದ ಎತ್ತರವೆಷ್ಟು, ಛಾಗ್ರೆಸ್ ಹೊಳೆಯ ನೆರೆಯೆಷ್ಟು ಎಂಬುದನ್ನು ಅವರು ಕೇಳಲಿಲ್ಲ. ಕೇಳಲು ಅವರಿಗೆ ದಾರಿಯೂ ಇರಲಿಲ್ಲ. ಅವರು ಕೊಂಡುದು ಕಾಲುವೆಯನ್ನಲ್ಲ, ಒಂದು ಹೆಸರನ್ನು.

೧೮೮೧ರಲ್ಲಿ ಕೆಲಸ ಮೊದಲಾಯಿತು. ಮೊದಲಾಗುತ್ತಲೇ ನೆಲವು ತನ್ನ ಗುಣವನ್ನು ತೋರಿಸಿತು. ಕುಲೆಬ್ರಾ ಬೆಟ್ಟವು ಒಂದೇ ಬಂಡೆಯಲ್ಲ. ಕಲ್ಲು ಜೇಡಿಗಳು ಪದರ ಪದರವಾಗಿ ಕೂಡಿದ ಬೆಟ್ಟ. ಮಳೆ ಬಿದ್ದ ಕೂಡಲೇ ಜೇಡಿಯು ಸಾಬೂನಿನಂತೆ ಜಾರುತ್ತಿದ್ದಿತು. ತಿಂಗಳುಗಟ್ಟಲೆ ಅಗೆದ ಕಂದಕದೊಳಕ್ಕೆ ದಂಡೆಯೇ ಇಳಿದುಬರುತ್ತಿದ್ದಿತು. ದಂಡೆ ನಿಲ್ಲಬೇಕಾದರೆ ಅದನ್ನು ಇನ್ನೂ ಇಳಿಜಾರಾಗಿ ಕಡಿಯಬೇಕು. ಇಳಿಜಾರು ಮಾಡಬೇಕಾದರೆ ಬಾಯಿಯನ್ನು ಇನ್ನೂ ಅಗಲ ಮಾಡಬೇಕು. ಆಳಕ್ಕೆ ಹೋದಷ್ಟೂ ಅಗಲವು ಬೆಳೆಯಿತು. ಅಗಲವು ಬೆಳೆದಷ್ಟೂ ಮಣ್ಣಿನ ರಾಶಿಯು ಬೆಳೆಯಿತು. ಅಗೆದ ಮಣ್ಣನ್ನು ಸಮೀಪದಲ್ಲಿಯೇ ಸುರಿದುದರಿಂದ ಮಳೆಯಲ್ಲಿ ಅದೂ ಜರಿದು ದಾರಿಗೆ ಅಡ್ಡವಾಯಿತು. ಏಳೂವರೆ ಕೋಟಿ ಘನಮೀಟರೆಂದಿದ್ದ ಲೆಕ್ಕವನ್ನು ಕಂಪನಿಯವರೇ ೧೨ ಕೋಟಿಗೆ ಏರಿಸಬೇಕಾಯಿತು. ಅಷ್ಟಾದರೂ ಸಮುದ್ರಮಟ್ಟದ ಕಾಲುವೆಯೊಳಕ್ಕೆ ಮಳೆಗಾಲದ ಛಾಗ್ರೆಸ್ ಧುಮುಕದಂತೆ ತಡೆಯುವುದು ಹೇಗೆಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರವು ಕೊನೆಯವರೆಗೂ ದೊರೆಯಲಿಲ್ಲ.

ಮಣ್ಣಿನ ಲೆಕ್ಕಕ್ಕಿಂತಲೂ ಘೋರವಾದುದು ಪ್ರಾಣದ ಲೆಕ್ಕ. ಪನಾಮಾದಲ್ಲಿ ಚಳಿಜ್ವರವೂ ಹಳದಿ ಜ್ವರವೂ ನೆಲೆಸಿದ್ದುವು. ೧೮೮೩ರಲ್ಲಿ ಕೆಲಸದ ಮುಖ್ಯಾಧಿಕಾರಿಯಾಗಿ ಬಂದ ಜೂಲ್ ಡಿಂಗ್ಲೆ ಎಂಬ ಎಂಜಿನಿಯರನು ತನ್ನ ಸಂಸಾರವನ್ನೂ ಕರೆದುಕೊಂಡು ಬಂದಿದ್ದನು. ೧೮೮೪ರ ಆರಂಭದಲ್ಲಿ ಅವನ ಮಗಳು ಹಳದಿ ಜ್ವರದಿಂದ ಸತ್ತಳು. ಸ್ವಲ್ಪ ಕಾಲದಲ್ಲಿಯೇ ಮಗನು ಸತ್ತನು. ಬಳಿಕ ಹೆಂಡತಿಯೂ ತೀರಿಕೊಂಡಳು. ಒಂಟಿಯಾಗಿ ಉಳಿದ ಅವನು ೧೮೮೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಕಂಪನಿಯು ಆಂಕೋನ್ ಗುಡ್ಡದ ಮೇಲೆ ಒಳ್ಳೆಯ ಆಸ್ಪತ್ರೆಯನ್ನೇ ಕಟ್ಟಿಸಿದ್ದಿತು. ಅಲ್ಲಿ ಇರುವೆ ಹತ್ತದಂತೆ ಮಂಚದ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡುತ್ತಿದ್ದರು. ತೋಟದ ಗಿಡಗಳ ಸುತ್ತಲೂ ನೀರಿನ ಮಣ್ಣುಬಳೆಗಳನ್ನಿಟ್ಟಿದ್ದರು. ಆ ನಿಂತ ನೀರಿನಲ್ಲಿ ಸೊಳ್ಳೆಗಳು ಹುಟ್ಟಿ, ಕಿಟಕಿಗೆ ಬಲೆಯಿಲ್ಲದ ಕೋಣೆಗಳಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಜ್ವರವನ್ನು ಹಂಚುತ್ತಿದ್ದುವು. ಕಾಯುವುದಕ್ಕೆ ಕಟ್ಟಿದ ಮನೆಯೇ ಕೊಲ್ಲುವ ಮನೆಯಾಯಿತು. ಫ್ರೆಂಚರ ಕಾಲದಲ್ಲಿ ಸತ್ತವರ ಸಂಖ್ಯೆ ಸುಮಾರು ೨೨,೦೦೦ ಎಂದು ಎಣಿಸಲ್ಪಟ್ಟಿದೆ. ಅವರಲ್ಲಿ ಹೆಚ್ಚಿನವರು ಜಮೇಕಾ ಮೊದಲಾದ ದ್ವೀಪಗಳಿಂದ ಬಂದ ಬಡ ಕೂಲಿಕಾರರು.

ಇದೇ ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯನಿದ್ದನು. ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ ಅತಿಯಾಗಿರಲು, ನಿಂತ ನೀರನ್ನು ಚೆಲ್ಲಿಬಿಟ್ಟರೆ ಸೊಳ್ಳೆಗಳು ಕಡಿಮೆಯಾಗುವುವೆಂಬುದನ್ನು ಅವನು ಅಲ್ಲಿ ಕಂಡುಕೊಂಡನು. ಸೊಳ್ಳೆಗೂ ಜ್ವರಕ್ಕೂ ಇರುವ ಸಂಬಂಧವು ಆಗ ಅವನಿಗೂ ತಿಳಿಯದು. ಹದಿನಾಲ್ಕು ವರ್ಷಗಳ ಮೇಲೆ, ೧೮೯೭ರ ಆಗಸ್ಟ್ ೨೦ರಂದು, ಸಿಕಂದರಾಬಾದಿನಲ್ಲಿ ಅವನೇ ಸೊಳ್ಳೆಯ ಹೊಟ್ಟೆಯಲ್ಲಿ ಚಳಿಜ್ವರದ ಕ್ರಿಮಿಯನ್ನು ಕಂಡನು. ಹಳದಿ ಜ್ವರವೂ ಸೊಳ್ಳೆಯಿಂದಲೇ ಹರಡುವುದೆಂದು ಹವಾನಾ ಪಟ್ಟಣದ ಕಾರ್ಲೋಸ್ ಫಿನ್ಲೆ ಎಂಬ ವೈದ್ಯನು ೧೮೮೧ರಲ್ಲಿ ಸೂಚಿಸಿದ್ದನು. ವಾಲ್ಟರ್ ರೀಡನೂ ಅವನ ಜೊತೆಗಾರರೂ ೧೯೦೦ರಲ್ಲಿ ಅದನ್ನು ಸ್ಥಾಪಿಸಿದರು. ಹೀಗಿರುವುದರಿಂದ ಜ್ವರದ ಕಾರಣವನ್ನು ತಿಳಿಯದೆ ಹೋದುದಕ್ಕಾಗಿ ಲೆಸೆಪ್ಸನನ್ನು ದೂರುವುದು ನ್ಯಾಯವಲ್ಲ. ಆದರೆ ಕಾರಣವು ತಿಳಿಯದಿದ್ದರೂ ಪರಿಣಾಮವು ತಿಳಿದಿದ್ದಿತು. ರೈಲುದಾರಿ ಹಾಕುವಾಗ ಸತ್ತವರ ಗೋರಿಗಳು ಅಲ್ಲಿಯೇ ಇದ್ದುವು. ಹಾಗಿದ್ದರೂ ಪನಾಮಾದ ಹವೆಯು ಆರೋಗ್ಯಕರವೆಂದು ಅವನು ಊರೂರುಗಳಲ್ಲಿ ಹೇಳುತ್ತ ಹೋದನು. ತಿಳಿಯದೆ ಎಣಿಕೆಗೆ ತಪ್ಪಿಹೋದುದು ಬೇರೆ. ತಿಳಿದುದನ್ನು ಎಣಿಕೆಗೆ ತಾರದೆ ಬಿಟ್ಟುದು ಬೇರೆ.

೧೮೮೫ರ ವೇಳೆಗೆ ಕೆಲಸವು ಹೀಗೆಯೇ ಮುಗಿಯದೆಂಬುದು ಬಲ್ಲವರಿಗೆಲ್ಲ ತೋರಿದ್ದಿತು. ಲೆಸೆಪ್ಸನು ಮಾತ್ರ ಸಮುದ್ರಮಟ್ಟದ ಹಟವನ್ನು ಬಿಡಲಿಲ್ಲ. ೧೮೮೭ರಲ್ಲಿ, ಬೇರೆ ದಾರಿಯಿಲ್ಲದೆ, ಸದ್ಯಕ್ಕೆ ಮೆಟ್ಟಿಲಿನ ಕಾಲುವೆಯಾಗಲಿ ಎಂದು ಒಪ್ಪಿಕೊಂಡನು. ಬಾಗಿಲುಗಳನ್ನು ಕಟ್ಟುವ ಕೆಲಸವು ಪ್ಯಾರಿಸಿನ ಕಬ್ಬಿಣದ ಗೋಪುರದಿಂದ ಹೆಸರಾದ ಗುಸ್ತಾವ್ ಐಫೆಲನಿಗೆ ಒಪ್ಪಿಸಲ್ಪಟ್ಟಿತು. ಲೆಪಿನೇ ಹೇಳಿದ ಮಾತಿಗೆ ಎಂಟು ವರ್ಷಗಳ ಮೇಲೆ ಕಿವಿಗೊಟ್ಟಂತಾಯಿತು. ಆದರೆ ಅಷ್ಟರಲ್ಲಿ ಹಣವೆಲ್ಲ ಕರಗಿಹೋಗಿದ್ದಿತು. ೧೮೮೮ರಲ್ಲಿ ಬಹುಮಾನದ ಆಸೆ ತೋರಿಸಿ ೨೦ ಲಕ್ಷ ಸಾಲಪತ್ರಗಳನ್ನು ಮಾರಲು ಹೊರಟರು. ಅವುಗಳಲ್ಲಿ ಅರ್ಧದಷ್ಟೂ ಮಾರಾಟವಾಗಲಿಲ್ಲ. ೧೮೮೯ರ ಫೆಬ್ರವರಿ ೪ರಂದು ಕಂಪನಿಯು ನ್ಯಾಯಾಲಯದ ಅಪ್ಪಣೆಯಂತೆ ಮುಚ್ಚಲ್ಪಟ್ಟಿತು. ೬೫ ಕೋಟಿ ೮೦ ಲಕ್ಷದಲ್ಲಿ ಮುಗಿಯುವುದೆಂದ ಕೆಲಸಕ್ಕೆ ಸುಮಾರು ೧೪೦ ಕೋಟಿ ಫ್ರಾಂಕುಗಳು ಹೋಗಿದ್ದುವು. ಅಗೆದುದು ಮಾತ್ರ ಸುಮಾರು ೫ ಕೋಟಿ ಘನಮೀಟರು. ಸುಮಾರು ೮ ಲಕ್ಷ ಜನರು ಹಣ ಕಳೆದುಕೊಂಡರು. ಮುದಿತನಕ್ಕೆಂದು ಇಟ್ಟುಕೊಂಡಿದ್ದುದು, ಮಗಳ ಮದುವೆಗೆಂದು ಕೂಡಿಸಿದ್ದುದು, ಎಲ್ಲವೂ ಕುಲೆಬ್ರಾದ ಕೆಸರಿನಲ್ಲಿ ಹೂತುಹೋಯಿತು.

ಮುಂದೆ ನಡೆದ ವಿಚಾರಣೆಯಲ್ಲಿ, ೧೮೮೮ರ ಸಾಲಕ್ಕೆ ಅನುಮತಿ ಪಡೆಯುವುದಕ್ಕಾಗಿ ಕಂಪನಿಯು ಫ್ರಾನ್ಸಿನ ಶಾಸನಸಭೆಯ ಸದಸ್ಯರಿಗೆ ಲಂಚ ಕೊಟ್ಟುದು ಹೊರಬಿದ್ದಿತು. ಒಂದು ತಪ್ಪು ಲೆಕ್ಕವನ್ನು ಮುಚ್ಚಲು ಇನ್ನೊಂದು ಹೊಗಳಿಕೆ, ಹೊಗಳಿಕೆಯನ್ನು ಕಾಪಾಡಲು ಒಂದು ಸುಳ್ಳು, ಸುಳ್ಳನ್ನು ಉಳಿಸಲು ಒಂದು ಲಂಚ. ಹೀಗೆ ತಪ್ಪಿದ ಎಣಿಕೆಯು ತಿದ್ದಲ್ಪಡದೆ ಹೋದರೆ ಮೆಟ್ಟಿಲು ಮೆಟ್ಟಿಲಾಗಿ ಪಾಪಕ್ಕೆ ಇಳಿಯುತ್ತದೆ. ೧೮೯೩ರಲ್ಲಿ ಲೆಸೆಪ್ಸನಿಗೂ ಅವನ ಮಗ ಶಾರ್ಲನಿಗೂ ಐದೈದು ವರ್ಷಗಳ ಸೆರೆ ವಿಧಿಸಲ್ಪಟ್ಟಿತು. ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಬುದ್ಧಿ ಮಂಕಾಗಿ ಹಾಸಿಗೆ ಹಿಡಿದಿದ್ದ ಲೆಸೆಪ್ಸನು ೧೮೯೪ರ ಡಿಸೆಂಬರ್ ೭ರಂದು ತನ್ನ ೮೯ನೆಯ ವಯಸ್ಸಿನಲ್ಲಿ ಮೃತನಾದನು. ಸೂಯೆಜಿನಲ್ಲಿ ಅವನನ್ನು ಗೆಲ್ಲಿಸಿದ ಹಟವೇ ಪನಾಮಾದಲ್ಲಿ ಅವನನ್ನು ಸೋಲಿಸಿತು.

೧೯೦೩ರಲ್ಲಿ ಪನಾಮಾವು ಸ್ವತಂತ್ರ ರಾಜ್ಯವಾಯಿತು. ೧೯೦೪ರ ಮೇ ತಿಂಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದವರು ಕಾಲುವೆಯ ಕೆಲಸವನ್ನು ವಹಿಸಿಕೊಂಡರು. ಅಷ್ಟೊಂದು ಅನುಭವವು ಕಣ್ಣೆದುರಿಗಿದ್ದರೂ ಅವರೂ ಮೊದಲು ಅದೇ ಹಳ್ಳಕ್ಕೆ ಬೀಳುವುದರಲ್ಲಿದ್ದರು. ಬೇಗನೆ ಮಣ್ಣು ಅಗೆದು ತೋರಿಸಬೇಕೆಂಬ ಆತುರದಲ್ಲಿ ವರ್ಷವೊಂದು ಕಳೆಯಿತು. ೧೯೦೫ರಲ್ಲಿ ಹಳದಿ ಜ್ವರದ ಭಯದಿಂದ ಜನರು ಓಡಿಹೋಗತೊಡಗಿದರು. ಮೊದಲನೆಯ ಮುಖ್ಯ ಎಂಜಿನಿಯರನೂ ಕೆಲಸ ಬಿಟ್ಟನು. ಯೋಜನೆಯನ್ನು ಗೊತ್ತುಮಾಡಲು ಕರೆಯಲ್ಪಟ್ಟ ೧೩ ಎಂಜಿನಿಯರರ ಮಂಡಲಿಯಲ್ಲಿ ೮ ಜನರು ಮತ್ತೆ ಸಮುದ್ರಮಟ್ಟದ ಕಾಲುವೆಯೇ ಆಗಬೇಕೆಂದರು. ಇದರಿಂದ, ಕಲಿತವರ ಬಹುಮತವೂ ಕೆಲವು ಸಲ ನೆಲದ ಸತ್ಯಕ್ಕೆ ದೂರವಾಗಿರಬಹುದೆಂಬುದು ಸ್ಪಷ್ಟವಾಗುತ್ತದೆ.

ಈ ಸಲ ತಪ್ಪನ್ನು ತಡೆದವನು ಎರಡನೆಯ ಮುಖ್ಯ ಎಂಜಿನಿಯರನಾದ ಜಾನ್ ಸ್ಟೀವನ್ಸ್. ಅವನು ೧೯೦೫ರ ಜುಲೈಯಲ್ಲಿ ಬಂದವನೇ ಅಗೆಯುವುದನ್ನು ನಿಲ್ಲಿಸಿದನು. ಮೊದಲು ಜನರಿಗೆ ಮನೆ, ಊಟ, ಶುದ್ಧವಾದ ನೀರು, ಮಣ್ಣು ಸಾಗಿಸಲು ಗಟ್ಟಿಯಾದ ರೈಲುದಾರಿ. ಅಗೆತವು ಆಮೇಲೆ ಎಂದನು. ವಿಲಿಯಂ ಗೋರ್ಗಸ್ ಎಂಬ ಸೈನ್ಯವೈದ್ಯನಿಗೆ ಬೇಕಾದ ಹಣವನ್ನೂ ಆಳುಗ­ಳನ್ನೂ ಕೊಟ್ಟನು. ಗೋರ್ಗಸನು ನಿಂತ ನೀರನ್ನೆಲ್ಲ ಬತ್ತಿಸಿ, ತೊಟ್ಟಿಗಳನ್ನು ಮುಚ್ಚಿಸಿ, ಕೆರೆಕುಂಟೆಗಳ ಮೇಲೆ ಎಣ್ಣೆ ಹರಡಿಸಿ, ಕಿಟಕಿಗಳಿಗೆ ತಂತಿಬಲೆ ಹಾಕಿಸಿದನು. ೧೯೦೬ರ ಕೊನೆಯೊಳಗಾಗಿ ಹಳದಿ ಜ್ವರವು ಆ ಪ್ರದೇಶದಿಂದ ಮಾಯವಾಯಿತು. ಸ್ಟೀವನ್ಸನು ಛಾಗ್ರೆಸ್ ಹೊಳೆಯನ್ನು ಮಳೆಗಾಲದಲ್ಲಿ ನೋಡಿದನು. ನೋಡಿ, ಮೆಟ್ಟಿಲಿನ ಕಾಲುವೆಯಲ್ಲದೆ ಬೇರೆ ಗತಿಯಿಲ್ಲವೆಂದು ವಾಷಿಂಗ್ಟನ್ನಿಗೆ ಹೋಗಿ ವಾದಿಸಿದನು. ೧೯೦೬ರ ಜೂನ್ ೨೧ರಂದು ಅಲ್ಲಿಯ ಸೆನೆಟ್ ಸಭೆಯು ೩೬ಕ್ಕೆ ೩೧ ಮತಗಳಿಂದ ಆ ಯೋಜನೆಯನ್ನು ಒಪ್ಪಿತು. ಮೂರು ಜನರು ಮನಸ್ಸು ಬದಲಾಯಿಸಿದ್ದರೆ ಪನಾಮಾದಲ್ಲಿ ಎರಡನೆಯ ಸೋಲೂ ಆಗಿಹೋಗುತ್ತಿದ್ದಿತು.

ಅಮೆರಿಕದವರ ಲೆಕ್ಕಗಳೆಲ್ಲ ಸರಿಯಾಗಿದ್ದುವೆಂದು ಇದರಿಂದ ತಿಳಿಯಬಾರದು. ಕುಲೆಬ್ರಾದಲ್ಲಿ ಅಗೆಯಬೇಕಾದುದು ಸುಮಾರು ೫ ಕೋಟಿ ೪೦ ಲಕ್ಷ ಘನಗಜವೆಂದು ೧೯೦೬ರಲ್ಲಿ ಎಣಿಸಿದ್ದರು. ದಂಡೆಗಳು ಕುಸಿದುದರಿಂದ ಆ ಸಂಖ್ಯೆಯನ್ನು ಮತ್ತೆ ಮತ್ತೆ ತಿದ್ದಿ ಕೊನೆಗೆ ಸುಮಾರು ೧೦ ಕೋಟಿಗೆ ಮುಟ್ಟಿಸಬೇಕಾಯಿತು. ಬಾಗಿಲಿನ ತೊಟ್ಟಿಗಳ ಅಗಲವು ೯೫ ಅಡಿ ಸಾಲದೆಂದು ತಿಳಿದು ೧೯೦೮ರಲ್ಲಿ ೧೧೦ ಅಡಿಗೆ ಏರಿಸಿದರು. ಎಂದರೆ ಮಣ್ಣಿನ ಎಣಿಕೆಯಲ್ಲಿ ಅವರ ತಪ್ಪು ಫ್ರೆಂಚರ ತಪ್ಪಿಗಿಂತ ಚಿಕ್ಕದೇನೂ ಅಲ್ಲ. ಆದರೆ ಆ ತಪ್ಪನ್ನು ತಾಳಿಕೊಳ್ಳುವ ಶಕ್ತಿಯು ಅವರ ಯೋಜನೆಯಲ್ಲಿದ್ದಿತು. ಕಾಲುವೆಯ ನೀರು ಸಮುದ್ರಕ್ಕಿಂತ ೮೫ ಅಡಿ ಮೇಲಿದ್ದುದರಿಂದ ಅಷ್ಟು ಆಳದ ಅಗೆತವು ತಪ್ಪಿದ್ದಿತು. ನೆರೆಯ ನೀರಿಗೆ ಕೆರೆಯಲ್ಲಿ ಸ್ಥಳವಿದ್ದಿತು. ಹಣಕ್ಕೆ ರಾಜ್ಯದ ಬೊಕ್ಕಸವಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ, ಕುಸಿತವಾದ ದಿನ ಕುಸಿತವಾಯಿತೆಂದು ಬರೆದು ಮುಂದಿನ ಲೆಕ್ಕವನ್ನು ತಿದ್ದುವ ಪದ್ಧತಿಯಿದ್ದಿತು. ೧೯೧೪ರ ಆಗಸ್ಟ್ ೧೫ರಂದು ಆಂಕೋನ್ ಎಂಬ ಹಡಗು ಸಮುದ್ರದಿಂದ ಸಮುದ್ರಕ್ಕೆ ದಾಟಿ ಕಾಲುವೆಯು ತೆರೆಯಲ್ಪಟ್ಟಿತು. ಗಾಟೂನಿನ ಕಟ್ಟೆ, ಎತ್ತರದ ಕೆರೆ, ಮೆಟ್ಟಿಲುಗಳು, ಎಲ್ಲವೂ ಮುಖ್ಯಾಂಶದಲ್ಲಿ ಮೂವತ್ತೈದು ವರ್ಷಗಳ ಹಿಂದೆ ಪ್ಯಾರಿಸಿನ ಸಭೆಯಲ್ಲಿ ಲೆಪಿನೇ ಹೇಳಿದಂತೆಯೇ ಇದ್ದುವು. ಅದನ್ನು ನೋಡಲು ಅವನು ಬದುಕಿರಲಿಲ್ಲ. ಅಮೆರಿಕದವರ ಕಾಲದಲ್ಲಿಯೂ ೫,೬೦೯ ಜನರು ರೋಗದಿಂದಲೂ ಅಪಘಾತಗಳಿಂದಲೂ ಸತ್ತರೆಂಬುದನ್ನು ಮರೆಯಲಾಗದು.

ಈ ಕಾಲುವೆಯು ೧೯೯೯ರ ಡಿಸೆಂಬರ್ ೩೧ರಂದು ಪನಾಮಾ ರಾಜ್ಯದ ವಶಕ್ಕೆ ಬಂದಿತು. ೨೦೧೬ರಲ್ಲಿ ಇನ್ನೂ ದೊಡ್ಡ ಹಡಗುಗಳಿಗಾಗಿ ಹೊಸ ಬಾಗಿಲುಗಳು ತೆರೆಯಲ್ಪಟ್ಟುವು. ೨೦೨೩ರಲ್ಲಿ ಮಳೆ ಕಡಿಮೆಯಾಗಿ ಗಾಟೂನ್ ಕೆರೆ ತಗ್ಗಿದುದರಿಂದ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನು ಇಳಿಸಬೇಕಾಯಿತು. ಒಂದೊಂದು ಹಡಗನ್ನು ಏರಿಸಿ ಇಳಿಸುವಾಗಲೂ ಕೆರೆಯ ಸಿಹಿನೀರು ಕೋಟಿಗಟ್ಟಲೆ ಲೀಟರು ಸಮುದ್ರಕ್ಕೆ ಹೋಗುತ್ತದೆ. ನೆರೆಗೆ ಹೆದರಿದ ಕಾಲದ ಯೋಜನೆಗೆ ಬರವೂ ಒಂದು ಪ್ರಶ್ನೆಯಾದೀತೆಂಬುದು ಈಗ ಕಾಣಿಸಿಕೊಂಡಿದೆ. ಒಂದು ಕಾಲಕ್ಕೆ ಸರಿಯಾದ ಎಣಿಕೆಯನ್ನು ಇನ್ನೊಂದು ಕಾಲಕ್ಕೆ ಮತ್ತೆ ಹಾಕಿ ನೋಡಲೇಬೇಕು.

ಈ ಚರಿತ್ರೆಯ ಸಾರವು ಹೀಗೆ ಹೊರಡುತ್ತದೆ. ಎಣಿಕೆ ತಪ್ಪಿದುದರಿಂದಲೇ ಲೆಸೆಪ್ಸನು ಕೆಟ್ಟನೆನ್ನುವುದು ಸರಿಯಲ್ಲ. ಎಣಿಕೆ ತಪ್ಪದವರು ಯಾರೂ ಇಲ್ಲ. ಒಂದು ನೆಲದಲ್ಲಿ ಗೆದ್ದ ಅಳತೆಗೋಲನ್ನು ಇನ್ನೊಂದು ನೆಲಕ್ಕೆ ಹಾಗೆಯೇ ಒಯ್ದುದು, ಲೆಕ್ಕವು ಇಚ್ಛೆಗೆ ಒಗ್ಗದಿದ್ದಾಗ ಇಚ್ಛೆಯನ್ನು ಬಿಟ್ಟು ಲೆಕ್ಕವನ್ನು ತಿದ್ದಿದುದು, ಬೇಡವೆಂದವನನ್ನು ಹಗೆಯಂತೆ ಕಂಡುದು, ಇವು ಅವನನ್ನು ಕೆಡಿಸಿದುವು. ಕೆಟ್ಟವನು ಅವನೊಬ್ಬನೇ ಆಗಿದ್ದರೆ ಅದು ಅವನ ಪಾಡಾಗುತ್ತಿದ್ದಿತು. ಆದರೆ ದೊಡ್ಡವರ ತಪ್ಪು ಎಣಿಕೆಗೆ ಬೆಲೆ ತೆರುವವರು ಸಣ್ಣವರು. ಊರಿನ ಕೆರೆಯಾಗಲಿ, ಪಾಠಶಾಲೆಯಾಗಲಿ, ಅನ್ನಛತ್ರವಾಗಲಿ, ಹತ್ತು ಮನೆಗಳ ವರ್ಗಣಿಯಿಂದ ನಡೆಯುವ ಕಾರ್ಯವನ್ನು ಹೊತ್ತವನು ತನ್ನ ಲೆಕ್ಕದ ಪುಸ್ತಕದಲ್ಲಿ ಆ ಹತ್ತು ಮನೆಗಳ ಮುಖವನ್ನು ಕಾಣಬೇಕು. ಹೊಳೆಯನ್ನು ಬೇಸಗೆಯಲ್ಲಿ ನೋಡಿದ್ದರೆ ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕು. ಎಪ್ಪತ್ತನಾಲ್ಕು ಜನರು 'ಆಗಲಿ' ಎಂದಾಗ, 'ಬೇಡ' ಎಂದ ಎಂಟು ಜನರನ್ನು ಹತ್ತಿರಕ್ಕೆ ಕರೆದು, ಅವರು ಕಂಡುದೇನೆಂಬುದನ್ನು ಸಮಾಧಾನದಿಂದ ಕೇಳಬೇಕು.